ಹೊಲ ಹಾವೇರಿ ಜಿಲ್ಲೆಯಲ್ಲಿ, ಮನೆ ದಾವಣಗೆರೆ ಜಿಲ್ಲೆಯಲ್ಲಿ: ಪಾಲಿನ ದಾವೆ ಯಾವ ನ್ಯಾಯಾಲಯಕ್ಕೆ ಸೇರುತ್ತದೆ?

ಹೊಳೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ತೀರಿಕೊಂಡು ಎರಡು ವರ್ಷಗಳಾದವು. ನಮ್ಮ ಪಿತ್ರಾರ್ಜಿತ ಆಸ್ತಿಯಲ್ಲಿ ತುಂಗಭದ್ರೆಯ ಆ ದಡಕ್ಕೆ, ಅಂದರೆ ಹಾವೇರಿ ಜಿಲ್ಲೆಗೆ ಸೇರಿದ ಊರಿನಲ್ಲಿ, ಆರು ಎಕರೆ ಹೊಲವಿದೆ; ಈ ದಡದಲ್ಲಿ, ದಾವಣಗೆರೆ ಜಿಲ್ಲೆಗೆ ಸೇರಿದ ಪಟ್ಟಣದಲ್ಲಿ, ಒಂದು ಮನೆಯಿದೆ. ಎರಡರ ನಡುವೆ ಇರುವುದು ಒಂದು ಸೇತುವೆ ಮಾತ್ರ. ಅಣ್ಣನವರು ಹೊಲದ ಪೌತಿ ಖಾತೆಯನ್ನು (ತೀರಿಕೊಂಡವರ ಖಾತೆಯನ್ನು ವಾರಸುದಾರರಿಗೆ ಬದಲಾಯಿಸುವುದು) ತಮ್ಮೊಬ್ಬರ ಹೆಸರಿಗೆ ಮಾಡಿಕೊಡಬೇಕೆಂದು ಅರ್ಜಿ ಕೊಟ್ಟಾಗ ನಾನು ತಕರಾರು ಸಲ್ಲಿಸಿದೆ. ಇಬ್ಬರನ್ನೂ ಕರೆದು ಕೇಳಿದ ಅಧಿಕಾರಿಯವರು, ಪಾಲಿನ ಹಕ್ಕು ಯಾರದೆಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲ, ಸಿವಿಲ್ ನ್ಯಾಯಾಲಯದಲ್ಲಿ ಇತ್ಯರ್ಥ ಮಾಡಿಕೊಳ್ಳಿ ಎಂದರು.

ಅಲ್ಲಿಂದ ನನ್ನ ಗೊಂದಲ ಶುರುವಾಯಿತು. ಒಬ್ಬರು ಧಾರವಾಡದ ಹೈಕೋರ್ಟಿನಲ್ಲಿ ರಿಟ್ ಹಾಕಿ ಎನ್ನುತ್ತಾರೆ; ಮನೆ ದಾವಣಗೆರೆ ಜಿಲ್ಲೆಯದಾದ್ದರಿಂದ ಬೆಂಗಳೂರಿಗೇ ಹೋಗಬೇಕು ಎನ್ನುತ್ತಾರೆ ಇನ್ನೊಬ್ಬರು. ಹೆಣ್ಣುಮಕ್ಕಳ ಪಾಲಿನ ಬಗ್ಗೆ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿರುವಾಗ ಕೆಳಗಿನ ಕೋರ್ಟುಗಳಲ್ಲಿ ಏಕೆ ಅಲೆಯುತ್ತೀರಿ ಎಂದು ಕೇಳಿದವರೂ ಇದ್ದಾರೆ. ಅಣ್ಣನವರು ಮನೆಯ ಬೀಗ ಬದಲಾಯಿಸಿರುವುದರಿಂದ ಮೊದಲು ಪೊಲೀಸ್ ಠಾಣೆಗೆ ಹೋಗುವುದೇ ಸರಿ ಎಂಬುದು ಪಕ್ಕದ ಮನೆಯವರ ಸಲಹೆ.

ಸುಮ್ಮನೆ ನೋಡಿ ಬರೋಣವೆಂದು ಒಂದು ದಿನ ತಾಲ್ಲೂಕು ನ್ಯಾಯಾಲಯದ ಆವರಣಕ್ಕೆ ಹೋಗಿದ್ದೆ. ಒಂದು ಬಾಗಿಲ ಮೇಲೆ "ಸಿವಿಲ್ ನ್ಯಾಯಾಧೀಶರು ಹಾಗೂ ಜೆ.ಎಂ.ಎಫ್.ಸಿ." ಎಂದೂ ಪಕ್ಕದ ಬಾಗಿಲ ಮೇಲೆ "ಹಿರಿಯ ಸಿವಿಲ್ ನ್ಯಾಯಾಧೀಶರು" ಎಂದೂ ಬರೆದಿತ್ತು. ಒಂದೇ ದೇಶ, ಒಂದೇ ಸಂವಿಧಾನ ಇರುವಾಗ ಇಷ್ಟೊಂದು ಬಾಗಿಲುಗಳು ಏಕಿವೆ, ಅವುಗಳ ನಡುವೆ ಕೆಲಸ ಹೇಗೆ ಹಂಚಿಕೆಯಾಗಿದೆ ಎಂದು ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಕರಿಕೋಟು

ಮೇಡಂ, ನಾನು ಸಿವಿಲ್ ವಕೀಲ. ನಿಮಗೆ ಸಲಹೆ ಕೊಟ್ಟವರೆಲ್ಲ ನ್ಯಾಯಾಲಯಗಳನ್ನು ಏಣಿಯ ಮೆಟ್ಟಿಲುಗಳೆಂದು ಭಾವಿಸಿದ್ದಾರೆ. ಮೇಲಿನ ಮೆಟ್ಟಿಲಿಗೆ ನೇರವಾಗಿ ಜಿಗಿದರೆ ಕೆಲಸ ಬೇಗ ಆಗುತ್ತದೆ ಎಂಬುದು ಅವರ ಎಣಿಕೆ. ಕಾನೂನು ಇದಕ್ಕೆ ತದ್ವಿರುದ್ಧವಾಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 15ನೇ ಕಲಮಿನ ಪ್ರಕಾರ, ಒಂದು ದಾವೆಯನ್ನು ವಿಚಾರಣೆ ಮಾಡಲು ಅಧಿಕಾರವಿರುವ ನ್ಯಾಯಾಲಯಗಳ ಪೈಕಿ ಅತ್ಯಂತ ಕೆಳದರ್ಜೆಯ ನ್ಯಾಯಾಲಯದಲ್ಲಿಯೇ ಅದನ್ನು ಹೂಡಬೇಕು. ಸಾಕ್ಷಿಗಳ ಹೇಳಿಕೆ ದಾಖಲಾಗುವುದು, ಪಾಟೀಸವಾಲು ನಡೆಯುವುದು, ಹಳೆಯ ಪಹಣಿಯ ನಕಲನ್ನು ನಿಶಾನೆ ಹಾಕಿ ಕಡತಕ್ಕೆ ಸೇರಿಸುವುದು ಎಲ್ಲವೂ ಅಲ್ಲಿಯೇ. ಮೇಲಿನ ನ್ಯಾಯಾಲಯಗಳು ಬಹುಮಟ್ಟಿಗೆ ಆ ಕಡತವನ್ನೇ ಓದಿ ತೀರ್ಮಾನಿಸುತ್ತವೆ. ಹಾಗಾಗಿ ತಾಲ್ಲೂಕಿನಲ್ಲಿ ಕಟ್ಟಿದ ಕಡತ ದುರ್ಬಲವಾಗಿದ್ದರೆ ದೆಹಲಿಯ ಯಾವ ವಕೀಲರೂ ಅದನ್ನು ಗಟ್ಟಿ ಮಾಡಲಾರರು.

ಯಾವುದೇ ಪ್ರಕರಣದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ವಿಷಯ ಯಾವುದು, ಸ್ಥಳ ಯಾವುದು, ಮೌಲ್ಯ ಎಷ್ಟು.

ವಿಷಯವನ್ನೇ ಮೊದಲು ನೋಡೋಣ, ಏಕೆಂದರೆ ನಿಮ್ಮ ಗೊಂದಲದ ಬಹುಪಾಲು ಇರುವುದು ಅಲ್ಲಿಯೇ. ಸಂಹಿತೆಯ 9ನೇ ಕಲಮು, ಸ್ಪಷ್ಟವಾಗಿಯಾಗಲಿ ಸೂಚ್ಯವಾಗಿಯಾಗಲಿ ನಿಷೇಧಿಸಿರದ ಎಲ್ಲ ಸಿವಿಲ್ ಸ್ವರೂಪದ ದಾವೆಗಳನ್ನೂ ಸಿವಿಲ್ ನ್ಯಾಯಾಲಯಕ್ಕೆ ಒಪ್ಪಿಸಿದೆ. ಆದರೆ ಕೆಲವು ಕೆಲಸಗಳನ್ನು ಬೇರೆ ಬೇರೆ ಕಾಯ್ದೆಗಳು ಅದರ ಕೈಯಿಂದ ತೆಗೆದಿವೆ. 1961ರ ಭೂ ಸುಧಾರಣಾ ಕಾಯ್ದೆಯಡಿ ಗೇಣಿದಾರ ಯಾರೆಂಬುದನ್ನು ಭೂ ನ್ಯಾಯಮಂಡಳಿಗೆ ಬಿಡಲಾಯಿತು. ದಾವೆಯ ನಡುವೆ ಆ ಪ್ರಶ್ನೆ ಎದ್ದರೆ ಸಿವಿಲ್ ನ್ಯಾಯಾಧೀಶರು ಅದನ್ನು ತಾವೇ ತೀರ್ಮಾನಿಸುವಂತಿಲ್ಲ. 1964ರ ಭೂ ಕಂದಾಯ ಕಾಯ್ದೆಯಡಿ ಪಹಣಿಯಲ್ಲಿ ಹೆಸರು ಸೇರಿಸುವುದು, ತೆಗೆಯುವುದು ಕಂದಾಯ ಅಧಿಕಾರಿಗಳ ಕೆಲಸ. ಅದರ ಮೇಲಿನ ಮೇಲ್ಮನವಿ ಉಪವಿಭಾಗಾಧಿಕಾರಿಗಳ ಮುಂದೆ, ಪುನರ್‌ಪರಿಶೀಲನೆ ಜಿಲ್ಲಾಧಿಕಾರಿಗಳ ಮುಂದೆ. ಆದರೆ ಪಹಣಿಯಲ್ಲಿ ಹೆಸರಿರುವುದು ಬೇರೆ, ಮಾಲೀಕತ್ವವೇ ಬೇರೆ. ಅದೇ ಕಾಯ್ದೆಯ 135ನೇ ಕಲಮು, ನಮೂದಿನಿಂದ ಹಕ್ಕಿಗೆ ಚ್ಯುತಿ ಬಂದವರು ಹಕ್ಕಿನ ಘೋಷಣೆಗಾಗಿ ದಾವೆ ಹೂಡಬಹುದೆಂದೂ ಅಲ್ಲಿನ ಡಿಕ್ರಿಗೆ (ತೀರ್ಪಿನಂತೆ ಹೊರಡುವ ಆದೇಶಕ್ಕೆ) ತಕ್ಕಂತೆ ದಾಖಲೆಯನ್ನು ತಿದ್ದಬೇಕೆಂದೂ ಹೇಳುತ್ತದೆ. ಆದ್ದರಿಂದ ನಿಮಗೆ ಆ ಅಧಿಕಾರಿಯವರು ಹೇಳಿದ ಮಾತು ಸರಿಯಾಗಿದೆ. ಅದನ್ನು ಸಾಗಹಾಕುವ ಮಾತೆಂದು ಭಾವಿಸಬೇಡಿ.

ಇನ್ನು ರಿಟ್. ಸಂವಿಧಾನದ 226ನೇ ವಿಧಿ ಮುಖ್ಯವಾಗಿ ಸರ್ಕಾರ ಮತ್ತು ಸಾರ್ವಜನಿಕ ಅಧಿಕಾರಿಗಳನ್ನು ಕಾನೂನಿನ ಅಂಕೆಯಲ್ಲಿಡಲು ಹೈಕೋರ್ಟಿಗೆ ಇರುವ ಅಧಿಕಾರ. ಅಣ್ಣ–ತಂಗಿಯರ ಪಾಲಿನ ತಕರಾರಿನಲ್ಲಿ ಸರ್ಕಾರವಿಲ್ಲ. ಇರುವುದು ಸಾಕ್ಷ್ಯದಿಂದ ಸಾಬೀತಾಗಬೇಕಾದ ಸಂಗತಿಗಳು. ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದು ಹೇಳಿಸಿಕೊಂಡು ವಾಪಸು ಬರುವುದಷ್ಟೇ ಅಲ್ಲಿನ ಫಲ. ಸುಪ್ರೀಂ ಕೋರ್ಟಿಗೆ ನೇರವಾಗಿ ಹೋಗುವ 32ನೇ ವಿಧಿಯಂತೂ ಮೂಲಭೂತ ಹಕ್ಕುಗಳ ಜಾರಿಗೆ ಮೀಸಲು. ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಹದಾಯಾದಿಗಳು (ಪಿತ್ರಾರ್ಜಿತ ಆಸ್ತಿಯ ಪಾಲುದಾರರು), ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿರಲಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ನಿಜ. ಆದರೆ 141ನೇ ವಿಧಿಯ ಪ್ರಕಾರ ಆ ಮಾತು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ. ಅದರ ಪ್ರಯೋಜನ ಪಡೆಯಲು ನೀವು ದೆಹಲಿಗೆ ಹೋಗಬೇಕಾಗಿಲ್ಲ, ದೆಹಲಿಯ ತೀರ್ಪೇ ನಿಮ್ಮ ತಾಲ್ಲೂಕಿಗೆ ಬಂದಾಗಿದೆ.

ಪೊಲೀಸರ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಹೊಡೆದಾಟ, ಬೆದರಿಕೆ, ದಾಖಲೆಯ ನಕಲಿ ಸೃಷ್ಟಿ ಇದ್ದರೆ ಠಾಣೆಗೆ ಹೋಗಲೇಬೇಕು. ಬರಿಯ ಪಾಲಿನ ತಕರಾರಿಗೆ ಠಾಣೆಯಲ್ಲಿ ಉತ್ತರವಿಲ್ಲ. ನೀವು ಫಲಕದಲ್ಲಿ ಕಂಡ "ಜೆ.ಎಂ.ಎಫ್.ಸಿ." ಎಂದರೆ ಪ್ರಥಮ ದರ್ಜೆಯ ನ್ಯಾಯಿಕ ದಂಡಾಧಿಕಾರಿ. ತಾಲ್ಲೂಕಿನಲ್ಲಿ ಒಬ್ಬರೇ ನ್ಯಾಯಾಧೀಶರು ಸಿವಿಲ್ ದಾವೆಗಳನ್ನೂ ಕ್ರಿಮಿನಲ್ ಪ್ರಕರಣಗಳನ್ನೂ ಅದೇ ಪೀಠದಿಂದ ನಡೆಸುತ್ತಾರೆ. ದಂಡಾಧಿಕಾರಿಯಾಗಿ ಅವರು ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಮುಖ್ಯ ನ್ಯಾಯಿಕ ದಂಡಾಧಿಕಾರಿಗಳಿಗೆ ಏಳು ವರ್ಷದವರೆಗೆ ಅಧಿಕಾರವಿದೆ. ಸೆಷನ್ಸ್ ನ್ಯಾಯಾಲಯ ಮರಣದಂಡನೆಯನ್ನೂ ವಿಧಿಸಬಹುದಾದರೂ ಹೈಕೋರ್ಟ್ ಅದನ್ನು ಸ್ಥಿರೀಕರಿಸದೆ ಜಾರಿಯಾಗದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಮೂರು ಮಿತಿಗಳು ಹಾಗೆಯೇ ಉಳಿದಿವೆ.

ಸ್ಥಳದ ಬಗ್ಗೆ. ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವಲ್ಲಿಯೇ ಹೂಡಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಮು ಹೇಳುತ್ತದೆ. ಆಸ್ತಿ ಎರಡು ನ್ಯಾಯಾಲಯಗಳ ವ್ಯಾಪ್ತಿಯಲ್ಲಿ ಹರಡಿಕೊಂಡಿದ್ದರೆ, ಅದರ ಯಾವುದೇ ಭಾಗವಿರುವ ಕಡೆ ಇಡೀ ಆಸ್ತಿಗೆ ಒಂದೇ ದಾವೆ ಹೂಡಬಹುದು ಎಂದು 17ನೇ ಕಲಮು ಅವಕಾಶ ಕೊಡುತ್ತದೆ. ದಾವೆಯ ಒಟ್ಟು ಮೌಲ್ಯ ಆ ನ್ಯಾಯಾಲಯದ ಮಿತಿಯೊಳಗಿದ್ದರೆ ಸಾಕು. ಹೊಳೆಯ ಯಾವ ದಡವನ್ನು ಆರಿಸಿಕೊಳ್ಳಬೇಕೆಂಬುದು ನಿಮಗೆ ಬಿಟ್ಟದ್ದು. ಹೊಲಕ್ಕೊಂದು, ಮನೆಗೊಂದು ಎಂದು ಎರಡು ದಾವೆಗಳನ್ನು ಮಾತ್ರ ಹೂಡಬೇಡಿ. ಕುಟುಂಬದ ಎಲ್ಲ ಆಸ್ತಿಯನ್ನೂ ಸೇರಿಸದ ಪಾಲಿನ ದಾವೆಗೆ ಎದುರಿನವರ ಮೊದಲ ಆಕ್ಷೇಪಣೆಯೇ ಅದಾಗಿರುತ್ತದೆ.

ಹಳೆಯ ಶಿರಸ್ತೇದಾರ

ತಾಯಿ, ವಕೀಲರು ಮೌಲ್ಯದ ಪ್ರಶ್ನೆಯನ್ನು ಹೆಸರಿಸಿ ಬಿಟ್ಟುಬಿಟ್ಟರು. ಮೂವತ್ತೊಂದು ವರ್ಷ ನ್ಯಾಯಾಲಯದ ಕಚೇರಿಯಲ್ಲಿ ವಾದಪತ್ರಗಳನ್ನು (ದಾವೆ ಹೂಡುವವರು ಸಲ್ಲಿಸುವ ಬರಹಗಳನ್ನು) ಪರಿಶೀಲಿಸಿ ಆಕ್ಷೇಪಣೆ ಬರೆದವನಾದ್ದರಿಂದ ಅಷ್ಟನ್ನು ನಾನು ತುಂಬಿಸುತ್ತೇನೆ.

ನಮ್ಮ ರಾಜ್ಯದಲ್ಲಿ 1964ರ ಸಿವಿಲ್ ನ್ಯಾಯಾಲಯಗಳ ಕಾಯ್ದೆಯಡಿ ಮೂರು ಹಂತಗಳಿವೆ: ಸಿವಿಲ್ ನ್ಯಾಯಾಧೀಶರು (ಹಳ್ಳಿಯ ಹಿರಿಯರ ಬಾಯಲ್ಲಿ ಇಂದಿಗೂ ಮುನ್ಸೀಫ್ ಕೋರ್ಟು), ಹಿರಿಯ ಸಿವಿಲ್ ನ್ಯಾಯಾಧೀಶರು, ಜಿಲ್ಲಾ ನ್ಯಾಯಾಲಯ. ಮೊದಲನೆಯವರ ಅಧಿಕಾರಕ್ಕೆ ಹಣದ ಮಿತಿಯಿದೆ. ಶಾಸನಸಭೆ ಆಗಾಗ ಆ ಮಿತಿಯನ್ನು ಏರಿಸುತ್ತ ಬಂದಿದೆ. ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಆ ಮಿತಿಯಿಲ್ಲ. ನೀವು ನೋಡಿದ ಎರಡು ಬಾಗಿಲುಗಳ ವ್ಯತ್ಯಾಸ ಇಷ್ಟೇ. ಬೆಂಗಳೂರು ನಗರದ ಏರ್ಪಾಡು ಬೇರೆ. ಅಲ್ಲಿಗೆ 1979ರ ಪ್ರತ್ಯೇಕ ಕಾಯ್ದೆಯಡಿ ನಗರ ಸಿವಿಲ್ ನ್ಯಾಯಾಲಯವಿದೆ.

ಮೌಲ್ಯ ಎಂದರೆ ಪೇಟೆಯ ಬೆಲೆ ಎಂದು ಎಲ್ಲರೂ ತಿಳಿಯುತ್ತಾರೆ. 1958ರ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯ ನಿರ್ಣಯ ಕಾಯ್ದೆಯನ್ನು ತೆರೆದು ನೋಡಿದರೆ, ಕಂದಾಯಕ್ಕೆ ಒಳಪಟ್ಟ ಜಮೀನಿಗೆ ಅನೇಕ ಬಗೆಯ ದಾವೆಗಳಲ್ಲಿ ವಾರ್ಷಿಕ ಕಂದಾಯದ ಇಪ್ಪತ್ತೈದು ಪಟ್ಟನ್ನೇ ಬೆಲೆಯೆಂದು ಹಿಡಿಯಬೇಕು ಎಂದಿದೆ. ಪಹಣಿಯ ಕಂದಾಯದ ಕಾಲಂನಲ್ಲಿ ಎಂಟು ರೂಪಾಯಿ ಇದ್ದರೆ ಕಾಗದದ ಮೇಲೆ ಆ ಹೊಲದ ಬೆಲೆ ಇನ್ನೂರು ರೂಪಾಯಿ! ಕೋಟಿ ಬಾಳುವ ಹೊಲದ ದಾವೆ ಮುನ್ಸೀಫ್ ಕೋರ್ಟಿನ ಕಪಾಟಿನಲ್ಲಿ ಕುಳಿತಿರುವುದು ಇದೇ ಕಾರಣಕ್ಕೆ. ಮನೆಗೆ ಈ ರಿಯಾಯಿತಿ ಇಲ್ಲ. ಅದಕ್ಕೆ ಪೇಟೆಯ ಬೆಲೆಯೇ ಲೆಕ್ಕ. ಇದಲ್ಲದೆ, ನೀವು ಜಂಟಿ ಸ್ವಾಧೀನದಲ್ಲಿದ್ದೀರಿ ಎಂದರೆ ಅಲ್ಪ ನಿಗದಿತ ಶುಲ್ಕ ಸಾಕು. ಸ್ವಾಧೀನದಿಂದ ಹೊರಹಾಕಿದ್ದಾರೆ ಎಂದರೆ ನಿಮ್ಮ ಪಾಲಿನ ಬೆಲೆಯ ಮೇಲೆ ಶುಲ್ಕ ಕಟ್ಟಬೇಕು. ಬೀಗ ಬದಲಾಯಿಸಿದ ಸಂಗತಿಯನ್ನು ವಾದಪತ್ರದಲ್ಲಿ ಯಾವ ಮಾತುಗಳಲ್ಲಿ ಬರೆಯುತ್ತೀರಿ ಎಂಬುದರ ಮೇಲೆ ಶುಲ್ಕ ಬದಲಾಗುತ್ತದೆ ಎಂಬುದನ್ನು ನೆನಪಿಡಿ. ನಿಮ್ಮ ಮನೆ ಪಟ್ಟಣದಲ್ಲಿರುವುದರಿಂದ ಈ ದಾವೆ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆಯೇ ಹೋಗಬಹುದೆಂದು ನನ್ನ ಅಂದಾಜು.

ಒಂದು ಕಡತ ಇಂದಿಗೂ ನನ್ನ ಕಣ್ಣ ಮುಂದಿದೆ. ಕೆಂಪು ದಾರ ಕಟ್ಟಿದ, ಅಂಚುಗಳು ಮಡಚಿಹೋಗಿದ್ದ ದಪ್ಪ ಕಟ್ಟು. ನಾಲ್ಕು ವರ್ಷ ನಡೆದ ಮೇಲೆ ಆ ದಾವೆಯ ಮೌಲ್ಯ ಆ ನ್ಯಾಯಾಲಯದ ಮಿತಿಯನ್ನು ಮೀರಿದ್ದೆಂದು ತೀರ್ಮಾನವಾಗಿ, ವಾದಪತ್ರವನ್ನು ಹಿಂದಿರುಗಿಸಲು ಆದೇಶವಾಯಿತು. ಸಲ್ಲಿಸಿದ ತಾರೀಖು, ಹಿಂದಿರುಗಿಸಿದ ತಾರೀಖು, ಸಲ್ಲಿಸಿದವರ ಹೆಸರು, ಕಾರಣ ಎಲ್ಲವನ್ನೂ ಅದರ ಬೆನ್ನ ಮೇಲೆ ಬರೆದು, ನ್ಯಾಯಾಧೀಶರ ಸಹಿ ಪಡೆದು ವಾದಿಯ ಕೈಗೆ ಕೊಟ್ಟವನು ನಾನೇ. ಆ ಮುದುಕ ಅದನ್ನು ತಿರುವಿ ತಿರುವಿ ನೋಡಿ, "ಹಂಗಾದ್ರೆ ನಾನು ಸೋತ್ನೋ, ಗೆದ್ನೋ?" ಎಂದು ಕೇಳಿದ. ಎರಡೂ ಅಲ್ಲ, ದಾವೆ ಇನ್ನೂ ಶುರುವೇ ಆಗಿರಲಿಲ್ಲ. ಒಳ್ಳೆಯ ನಂಬಿಕೆಯಿಂದ, ಶ್ರದ್ಧೆಯಿಂದ ತಪ್ಪು ನ್ಯಾಯಾಲಯದಲ್ಲಿ ಕಳೆದ ಕಾಲವನ್ನು ಕಾಲಮಿತಿಯ ಲೆಕ್ಕದಿಂದ ಬಿಡಬೇಕೆಂದು 1963ರ ಕಾಲಮಿತಿ ಕಾಯ್ದೆಯ 14ನೇ ಕಲಮು ಹೇಳುವುದರಿಂದ ಆತನ ಹಕ್ಕು ಉಳಿಯಿತು. ನಾಲ್ಕು ವರ್ಷ ಮಾತ್ರ ಹೋಯಿತು.

ಧಾರವಾಡವೋ ಬೆಂಗಳೂರೋ ಎಂಬ ಪ್ರಶ್ನೆಗೂ ಒಂದು ಮಾತು. ನಮ್ಮ ಹೈಕೋರ್ಟು ಒಂದೇ. ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಕಾಯಂ ಆದವು. ಹಾವೇರಿ ಜಿಲ್ಲೆಯ ಪ್ರಕರಣಗಳು ಧಾರವಾಡ ಪೀಠಕ್ಕೆ, ದಾವಣಗೆರೆ ಜಿಲ್ಲೆಯವು ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತವೆ. ಹಾಗಾಗಿ ನೀವು ಇಂದು ಯಾವ ದಡದಲ್ಲಿ ದಾವೆ ಹೂಡುತ್ತೀರೋ ಮುಂದೆ ಎರಡನೆಯ ಮೇಲ್ಮನವಿ ಬಂದರೆ ಆ ದಡದ ಪೀಠಕ್ಕೇ ಹೋಗಬೇಕಾಗುತ್ತದೆ. ಸ್ವಾರಸ್ಯವೇನೆಂದರೆ, ಏಕೀಕರಣಕ್ಕೆ ಮೊದಲು ಹರಿಹರದ ಬಳಿ ಇದೇ ಹೊಳೆ ಮುಂಬಯಿ ಪ್ರಾಂತಕ್ಕೂ ಮೈಸೂರು ಸಂಸ್ಥಾನಕ್ಕೂ ಗಡಿಯಾಗಿತ್ತು. ರಾಣೆಬೆನ್ನೂರಿನವರ ಅಪೀಲು ಮುಂಬಯಿ ಹೈಕೋರ್ಟಿಗೆ, ಹರಿಹರದವರದು ಬೆಂಗಳೂರಿನ ಮೈಸೂರು ಹೈಕೋರ್ಟಿಗೆ ಹೋಗುತ್ತಿತ್ತು. 1956ರಲ್ಲಿ ಅಳಿಸಿದ ಗೆರೆ ಪೀಠಗಳ ಹಂಚಿಕೆಯಲ್ಲಿ ಮತ್ತೆ ಮೂಡಿದೆ ನೋಡಿ.

ದೂರದೇಶಿ

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ. ಇಲ್ಲಿ ಎರಡು ನ್ಯಾಯಾಂಗಗಳು ಅಕ್ಕಪಕ್ಕದಲ್ಲಿ ನಡೆಯುತ್ತವೆ: ರಾಜ್ಯದ ನ್ಯಾಯಾಲಯಗಳು ಬೇರೆ, ಒಕ್ಕೂಟದ ನ್ಯಾಯಾಲಯಗಳು ಬೇರೆ. ಬೇರೆ ಬೇರೆ ರಾಜ್ಯಗಳ ಇಬ್ಬರ ನಡುವಿನ ವ್ಯಾಜ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಗಬೇಕಾದರೆ ಅದರ ಮೌಲ್ಯ 75,000 ಡಾಲರ್ ಮೀರಿರಬೇಕು. ರಾಜ್ಯದ ಸ್ವಂತ ಕಾನೂನಿನ ಅರ್ಥ ಏನೆಂಬುದರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನ ಮಾತೇ ಕೊನೆ. ಭಾರತದಲ್ಲಿ ಹೀಗೆ ಎರಡು ಸಾಲುಗಳು ಇಲ್ಲವೇ? ಕೇಂದ್ರದ ಕಾಯ್ದೆಯನ್ನು ರಾಜ್ಯದ ನ್ಯಾಯಾಧೀಶರು ಹೇಗೆ ಅನ್ವಯಿಸುತ್ತಾರೆ? ಸುಪ್ರೀಂ ಕೋರ್ಟ್ ಬರಿಯ ಮೇಲ್ಮನವಿಯ ನ್ಯಾಯಾಲಯವೇ? ವಿಷಯಾಂತರವೆನಿಸಿದರೆ ಕ್ಷಮಿಸಿ.

ಸಂವಿಧಾನದ ವಿದ್ಯಾರ್ಥಿ

ವಿಷಯಾಂತರವೇನೂ ಅಲ್ಲ, ಸರ್. ನಮ್ಮಲ್ಲಿ ಶಾಸನ ಮಾಡುವ ಅಧಿಕಾರ ಕೇಂದ್ರ–ರಾಜ್ಯಗಳ ನಡುವೆ ಹಂಚಿಹೋಗಿದೆ, ನ್ಯಾಯಾಂಗ ಹಂಚಿಹೋಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಸಂಸತ್ತಿನದು, ಭೂ ಕಂದಾಯ ಕಾಯ್ದೆ ಕರ್ನಾಟಕದ್ದು. ಈ ಅಮ್ಮನವರ ದಾವೆಯಲ್ಲಿ ಎರಡನ್ನೂ ಒಬ್ಬರೇ ನ್ಯಾಯಾಧೀಶರು ಓದುತ್ತಾರೆ. ರಾಜ್ಯದ ಕಾಯ್ದೆಯ ಒಂದು ಪದದ ಅರ್ಥವೂ 136ನೇ ವಿಧಿಯ ವಿಶೇಷ ಅನುಮತಿಯ ಮೂಲಕ ದೆಹಲಿಯಲ್ಲಿ ತೀರ್ಮಾನವಾಗಬಹುದು. ಜಿಲ್ಲೆ–ತಾಲ್ಲೂಕುಗಳ ನ್ಯಾಯಾಧೀಶರ ಮೇಲಿನ ಹತೋಟಿಯನ್ನು 235ನೇ ವಿಧಿ ರಾಜ್ಯ ಸರ್ಕಾರಕ್ಕೆ ಕೊಡದೆ ಹೈಕೋರ್ಟಿಗೆ ಕೊಟ್ಟಿದೆ. ದೇಶದ 25 ಹೈಕೋರ್ಟುಗಳ ಮೇಲೆ ಸುಪ್ರೀಂ ಕೋರ್ಟ್ ಇದೆ; 2019ರಲ್ಲಿ ಅದರ ಸ್ಥಾನಗಳು ಮುಖ್ಯ ನ್ಯಾಯಮೂರ್ತಿಗಳೂ ಸೇರಿ 34ಕ್ಕೆ ಏರಿದವು.

ಸುಪ್ರೀಂ ಕೋರ್ಟ್ ಮೇಲ್ಮನವಿಯ ನ್ಯಾಯಾಲಯ ಮಾತ್ರವಲ್ಲ. 131ನೇ ವಿಧಿಯ ಪ್ರಕಾರ ರಾಜ್ಯ–ರಾಜ್ಯಗಳ, ಕೇಂದ್ರ–ರಾಜ್ಯಗಳ ನಡುವಿನ ಕಾನೂನು ವ್ಯಾಜ್ಯಗಳು ನೇರವಾಗಿ ಅಲ್ಲಿಯೇ ಶುರುವಾಗುತ್ತವೆ. ಹಾಗಾದರೆ ಕಾವೇರಿ ವ್ಯಾಜ್ಯ ನ್ಯಾಯಾಧಿಕರಣಕ್ಕೆ ಏಕೆ ಹೋಯಿತು? ಅಂತರರಾಜ್ಯ ನದಿಗಳ ನೀರಿನ ವ್ಯಾಜ್ಯಗಳನ್ನು ಸುಪ್ರೀಂ ಕೋರ್ಟೂ ಸೇರಿ ಎಲ್ಲ ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಡಲು 262ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ 11ನೇ ಕಲಮು ಆ ಅಧಿಕಾರವನ್ನು ಬಳಸಿಕೊಂಡಿತು. 1990ರಲ್ಲಿ ರಚನೆಯಾದ ನ್ಯಾಯಾಧಿಕರಣ 2007ರ ಫೆಬ್ರುವರಿಯಲ್ಲಿ ಅಂತಿಮ ತೀರ್ಪು ಕೊಟ್ಟಿತು. ಅದರ ವಿರುದ್ಧ ರಾಜ್ಯಗಳು 136ನೇ ವಿಧಿಯಡಿ ಮೇಲ್ಮನವಿ ಸಲ್ಲಿಸಿದಾಗ, ಇದನ್ನು ಕೇಳುವ ಅಧಿಕಾರವೇ ಈ ನ್ಯಾಯಾಲಯಕ್ಕಿಲ್ಲ ಎಂದು ಕೇಂದ್ರ ಆಕ್ಷೇಪಿಸಿತು. ಮೊದಲಿಗೆ ನೀರನ್ನು ಹಂಚುವ ವ್ಯಾಜ್ಯ ಬೇರೆ, ನ್ಯಾಯಾಧಿಕರಣದ ತೀರ್ಪನ್ನು ಪರಿಶೀಲಿಸುವುದು ಬೇರೆ ಎಂಬ ಆಧಾರದ ಮೇಲೆ 2016ರ ಡಿಸೆಂಬರ್‌ನಲ್ಲಿ ಆ ಆಕ್ಷೇಪಣೆ ತಿರಸ್ಕೃತವಾಯಿತು. 2018ರ ಫೆಬ್ರುವರಿ 16ರಂದು ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿದ್ದು ಆ ಸಣ್ಣ ಸಂದಿಯಿಂದ ಒಳಬಂದ ಮೇಲ್ಮನವಿಯಿಂದಲೇ. ನಾವು ಆ ಹೆಚ್ಚುವರಿ ನೀರನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ. ನನ್ನ ಅಭಿಪ್ರಾಯದಲ್ಲಿ 2016ರ ಆದೇಶವೇ ಹೆಚ್ಚು ಕುತೂಹಲಕಾರಿ.

ಹೊಳೆದಂಡೆ

ಎಲ್ಲರಿಗೂ ಕೃತಜ್ಞತೆಗಳು. ಶಿರಸ್ತೇದಾರರೇ, ನಿಮ್ಮ ಆ ಮುದುಕನ ಕಥೆ ಓದಿ ಸ್ವಲ್ಪ ಹೆದರಿದೆ. ಪಹಣಿ ತೆಗೆದು ನೋಡಿದರೆ ನಮ್ಮ ಹೊಲದ ಕಂದಾಯವೂ ಹೆಚ್ಚುಕಡಿಮೆ ನೀವು ಹೇಳಿದಷ್ಟೇ ಇದೆ. ನನಗೆ ಮೊಣಕಾಲು ನೋವಿರುವುದರಿಂದ ಮನೆಯಿರುವ ಊರಿನಲ್ಲಿಯೇ, ಹಿರಿಯ ಸಿವಿಲ್ ನ್ಯಾಯಾಲಯದಲ್ಲಿ ಹೂಡುವುದೆಂದು ಯೋಚಿಸಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಹೊಲ ಬೇರೆ ಜಿಲ್ಲೆಯದು ಎಂದು ಅಣ್ಣನವರು ಕೊನೆಯಲ್ಲಿ ತಕರಾರು ತೆಗೆದರೆ ಎಲ್ಲವೂ ಬಿದ್ದುಹೋಗುತ್ತದೆಯೇ? ಡಿಕ್ರಿಯಾದ ಮೇಲೆ ಹೊಲವನ್ನು ಅಳತೆ ಮಾಡಿ ಪಾಲು ಮಾಡಿಕೊಡುವವರು ಯಾರು, ಮತ್ತೆ ಕಂದಾಯ ಕಚೇರಿಗೆ ಹೋಗಬೇಕೆ?

ಕರಿಕೋಟು

ಮೊದಲನೆಯದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಕಲಮು ಉತ್ತರ ಕೊಡುತ್ತದೆ. ಸ್ಥಳದ ಬಗೆಗಿನ ಆಕ್ಷೇಪಣೆಯನ್ನು ಮೊದಲ ಅವಕಾಶದಲ್ಲಿಯೇ, ವಿವಾದಾಂಶಗಳನ್ನು (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ರಚಿಸುವುದರೊಳಗೆ ಎತ್ತಬೇಕು. ಆಮೇಲೆ ಅದರಿಂದ ನ್ಯಾಯ ಕೆಟ್ಟಿದೆ ಎಂದು ತೋರಿಸಲಾಗದಿದ್ದರೆ ಮೇಲಿನ ನ್ಯಾಯಾಲಯವೂ ಅದಕ್ಕೆ ಕಿವಿಗೊಡುವುದಿಲ್ಲ. ಹೇಗೂ 17ನೇ ಕಲಮು ನಿಮ್ಮ ಬೆನ್ನಿಗಿದೆ. ವಿಷಯದ ಮೇಲೆಯೇ ಅಧಿಕಾರವಿಲ್ಲದಿದ್ದರೆ ಮಾತು ಬೇರೆ. ಆ ಕೊರತೆಯನ್ನು ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದರೂ ತುಂಬಲಾಗದು.

ಎರಡನೆಯದರಲ್ಲಿ ನಮ್ಮ ರಾಜ್ಯದ ದಾರಿ ಬೇರೆ. ಕೇಂದ್ರದ ಸಂಹಿತೆಯ 54ನೇ ಕಲಮು ಕಂದಾಯ ಜಮೀನಿನ ಪಾಲನ್ನು ಜಿಲ್ಲಾಧಿಕಾರಿಗಳಿಗೆ ಒಪ್ಪಿಸುತ್ತದೆ. ಕರ್ನಾಟಕ ಅದನ್ನು ತಿದ್ದುಪಡಿ ಮಾಡಿ ಆ ಕೆಲಸವನ್ನು ನ್ಯಾಯಾಲಯದಲ್ಲಿಯೇ ಉಳಿಸಿಕೊಂಡಿದೆ. ಅಗತ್ಯವಿದ್ದರೆ ತಹಶೀಲ್ದಾರರಿಗಿಂತ ಕೆಳಗಲ್ಲದ ಅಧಿಕಾರಿಯ ಅಥವಾ ನ್ಯಾಯಾಲಯವೇ ನೇಮಿಸುವ ಕಮಿಷನರ ವರದಿ ತರಿಸಿಕೊಳ್ಳುತ್ತದೆ. ಅದಾದ ಮೇಲೆ ಅಂತಿಮ ಡಿಕ್ರಿಯ ದೃಢೀಕೃತ ನಕಲನ್ನು ಹಿಡಿದು ಖಾತೆ ಬದಲಾವಣೆಗೆ ಹೋಗುವುದು ಮಾತ್ರ ನೀವು ಮೊದಲು ಹೋದ ಆ ಕಂದಾಯ ಕಚೇರಿಗೇ. ತೀರ್ಪು ನಿಮ್ಮ ವಿರುದ್ಧವಾದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ ಕಾಲಾವಕಾಶವಿದೆ. ನಕಲು ಪಡೆಯಲು ತಗುಲಿದ ದಿನಗಳನ್ನು ಅದರಿಂದ ಕಳೆಯುತ್ತಾರೆ. ಆದ್ದರಿಂದ ತೀರ್ಪು ಹೊರಬಿದ್ದ ದಿನವೇ ನಕಲಿಗೆ ಅರ್ಜಿ ಹಾಕಿಸಿ.